ಹಳೆಯ ಮನೆಯ ಸಿಮೆಂಟ್ ಶೀಟಿಗೆ ಕೈ ಹಚ್ಚುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಭಾಗಕ್ಕೆ ಹೆಂಚು ಅಥವಾ ತಾರಸಿ, ಹಿಂದಿನ ಬಚ್ಚಲು, ಸೌದೆಕೋಣೆ, ಕೊಟ್ಟಿಗೆಗಳಿಗೆ ಸಿಮೆಂಟ್ ಶೀಟ್ ಎಂಬುದು ನಮ್ಮ ಊರುಗಳಲ್ಲಿ ದಶಕಗಳಿಂದ ನಡೆದುಬಂದಿರುವ ಕಟ್ಟುವ ಕ್ರಮ. ಬೆಂಗಳೂರಿನ ವಠಾರಗಳಲ್ಲಿ, ತಾರಸಿಯ ಮೇಲೆ ಆಮೇಲೆ ಎಬ್ಬಿಸಿದ ಕೋಣೆಗಳಲ್ಲಿ, ಗೋದಾಮುಗಳ ಪಕ್ಕದ ಗೋಡೆಗಳಲ್ಲಿಯೂ ಇದೇ ಶೀಟು. ಅದರಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆಂಬುದು ಹಲವರಿಗೆ ಗೊತ್ತು. ಆದರೆ ತೂತು ಕೊರೆಯುವಾಗ, ಪಾಚಿ ತೆಗೆಯುವಾಗ, ಕಳಚಿ ಇಳಿಸುವಾಗ ಹೇಗೆ ನಡೆದುಕೊಳ್ಳಬೇಕೆಂಬುದು ಅಷ್ಟಾಗಿ ಗೊತ್ತಿಲ್ಲ. ಕೆಳಗಿನ ಉತ್ತರಗಳನ್ನು ಮನೆಯವರಿಗೂ ಶೀಟ್ ಕೆಲಸ ಮಾಡುವವರಿಗೂ ಉಪಯೋಗವಾಗಲೆಂದು ಬರೆಯಲಾಗಿದೆ.

ನಮ್ಮ ಮನೆಯ ಶೀಟಿನಲ್ಲಿ ಕಲ್ನಾರು ಇದೆಯೆಂದು ತಿಳಿಯುವುದು ಹೇಗೆ?

ಬೂದು ಬಣ್ಣದ, ಅಲೆಅಲೆಯಾದ, ಸುಮಾರು 6 ಮಿಲಿಮೀಟರ್ ದಪ್ಪದ ಸಿಮೆಂಟ್ ಶೀಟ್ ಆಗಿದ್ದರೆ ಕಲ್ನಾರು ಇದೆಯೆಂದೇ ಭಾವಿಸಿ ಮುಂದುವರಿಯುವುದು ಕ್ಷೇಮ. ಭಾರತದಲ್ಲಿ ಇಂಥ ಶೀಟುಗಳಿಗೆ ಐಎಸ್ 459 ಎಂಬ ಮಾನಕವಿದ್ದು, ಅದರ ಶೀರ್ಷಿಕೆಯಲ್ಲೇ ಆಸ್ಬೆಸ್ಟಾಸ್ ಎಂಬ ಪದವಿದೆ. ತೂಕದಲ್ಲಿ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಕಲ್ನಾರು, ಉಳಿದದ್ದು ಸಿಮೆಂಟು, ಹಾರುಬೂದಿ ಮುಂತಾದವು. ಮುರಿದ ಅಂಚನ್ನು ಬೆಳಕಿಗೆ ಹಿಡಿದರೆ ಬಿಳಿ ಕೂದಲಿನಂಥ ಎಳೆಗಳು ಹೊರಚಾಚಿರುವುದು ಕೆಲವೊಮ್ಮೆ ಕಾಣುತ್ತದೆ. ಆದರೆ ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಶೀಟಿನಲ್ಲೂ ಬೇರೆ ನಾರುಗಳು ಹಾಗೆಯೇ ಕಾಣಬಹುದಾದ್ದರಿಂದ ಕಣ್ಣನ್ನು ನಂಬುವಂತಿಲ್ಲ. ಖಚಿತವಾಗಿ ಹೇಳಬಲ್ಲದ್ದು ಪ್ರಯೋಗಾಲಯದ ಸೂಕ್ಷ್ಮದರ್ಶಕ ಮಾತ್ರ. ಆದರೂ ಒಂದು ಬಚ್ಚಲ ಮಾಡಿಗಾಗಿ ಪರೀಕ್ಷೆಗೆ ಹಣ ಸುರಿಯುವುದಕ್ಕಿಂತ, ಇದೆಯೆಂದು ಒಪ್ಪಿಕೊಂಡು ಅದೇ ಹಣದಲ್ಲಿ ಒಳ್ಳೆಯ ಮಾಸ್ಕ್ ಕೊಳ್ಳುವುದು ಮೇಲೆಂದು ನನಗೆ ಅನ್ನಿಸುತ್ತದೆ.

ಹಳೆಯ ಶೀಟಿನಲ್ಲಿ ಮಾತ್ರ ಕಲ್ನಾರಿದೆ, ಈಗಿನದರಲ್ಲಿ ಇಲ್ಲ ಎಂಬ ಮಾತು ವಿದೇಶದಿಂದ ಬಂದದ್ದು. ನಿಷೇಧವಿರುವ ದೇಶಗಳಲ್ಲಿ ಇಂಥ ವರ್ಷದ ನಂತರದ್ದು ಸುರಕ್ಷಿತ ಎಂಬ ಗೆರೆ ಎಳೆಯಬಹುದು. ನಮ್ಮಲ್ಲಿ ಆ ಗೆರೆ ಇಲ್ಲ. ಪೊಟ್ಟಣದ ಮೇಲೆ ಅಥವಾ ಶೀಟಿನ ಮೇಲೆ ಕಲ್ನಾರುರಹಿತ ಎಂದು ಸ್ಪಷ್ಟವಾಗಿ ಅಚ್ಚಾಗಿರದಿದ್ದರೆ, ಹೋದ ವರ್ಷ ಹೊದಿಸಿದ ಶೀಟಿಗೂ ಈ ಪುಟದ ಮಾತುಗಳೆಲ್ಲ ಅನ್ವಯಿಸುತ್ತವೆ.

ಕಲ್ನಾರು ಎಂದರೆ ನಿಜವಾಗಿ ಏನು?

ಹೆಸರೇ ಹೇಳುವಂತೆ ಅದು ಕಲ್ಲಿನೊಳಗಿನ ನಾರು. ಆರು ಬಗೆಯ ಖನಿಜಗಳಿಗೆ ಒಟ್ಟಾಗಿ ಈ ಹೆಸರಿದ್ದು, ನಮ್ಮ ಶೀಟುಗಳಲ್ಲಿರುವುದು ಬಿಳಿ ಕಲ್ನಾರು ಅಥವಾ ಕ್ರೈಸೊಟೈಲ್. ಬೆಂಕಿಗೆ ಉರಿಯದು, ಕೊಳೆಯದು, ಎಳೆದರೆ ಹರಿಯದು. ಈ ಗುಣಗಳನ್ನು ನೋಡಿಯೇ ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ ಎಂಬಾತ 20ನೇ ಶತಮಾನದ ಹೊಸ್ತಿಲಲ್ಲಿ ಅದನ್ನು ಸಿಮೆಂಟಿನೊಡನೆ ಬೆರೆಸಿ ತೆಳು ಹಾಳೆ ಮಾಡುವ ವಿಧಾನ ಕಂಡುಹಿಡಿದ. ಇಂದಿಗೂ ಶೀಟ್ ಕಾರ್ಖಾನೆಗಳು ಆತನ ಹೆಸರಿನ ಯಂತ್ರವನ್ನೇ ಬಳಸುತ್ತವೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಲಿನ ಬಂಡೆಗಳಲ್ಲೂ ಕಲ್ನಾರು ಸಿಗುತ್ತದೆ. ಕೇಂದ್ರ ಸರ್ಕಾರ 1986ರಲ್ಲಿ ಹೊಸ ಗಣಿ ಗುತ್ತಿಗೆ ಕೊಡುವುದನ್ನೂ 1993ರಲ್ಲಿ ಹಳೆಯದನ್ನು ನವೀಕರಿಸುವುದನ್ನೂ ನಿಲ್ಲಿಸಿದ ಮೇಲೆ, ಇಲ್ಲಿನ ಕಾರ್ಖಾನೆಗಳಿಗೆ ಬೇಕಾದ ಕಲ್ನಾರು ರಷ್ಯಾ, ಕಜಾಕಿಸ್ತಾನ, ಬ್ರೆಜಿಲ್‌ಗಳಿಂದ ಹಡಗಿನಲ್ಲಿ ಬರುತ್ತಿದೆ.

ಕಲ್ನಾರಿನ ವಿಚಿತ್ರವೆಂದರೆ ಅದು ಉದ್ದುದ್ದಕ್ಕೆ ಸೀಳುತ್ತದೆ. ಸೀಳಿದ ಎಳೆ ಮತ್ತೆ ಸೀಳಿ ಇನ್ನೂ ತೆಳುವಾದ ಎಳೆಯಾಗುತ್ತದೆ. ಕೊನೆಗೆ ಉಳಿಯುವುದು ನಮ್ಮ ತಲೆಗೂದಲಿಗಿಂತ ಹತ್ತಾರು ಪಟ್ಟು ಸಣ್ಣದಾದ, ಗಾಳಿಯಲ್ಲಿ ಗಂಟೆಗಟ್ಟಲೆ ತೇಲಬಲ್ಲ ಸೂಜಿ.

ಶೀಟಿನ ಮಾಡಿನ ಕೆಳಗೆ ವಾಸಿಸುವುದೇ ಅಪಾಯವೇ?

ಶೀಟು ಗಟ್ಟಿಯಾಗಿದ್ದು, ಯಾರೂ ಅದನ್ನು ಕೊರೆಯದೆ, ಕೆರೆಯದೆ, ಒಡೆಯದೆ ಇದ್ದರೆ ಅಪಾಯ ಬಹಳ ಕಡಿಮೆ. ಎಳೆಗಳು ಸಿಮೆಂಟಿನೊಳಗೆ ಕಚ್ಚಿಕೊಂಡಿರುತ್ತವೆ, ತಾವಾಗಿ ಹೊರಬರುವುದಿಲ್ಲ. ಆದ್ದರಿಂದ ಈ ಪುಟವನ್ನು ಓದಿ ಗಾಬರಿಗೊಂಡು ನಾಳೆಯೇ ಶೀಟ್ ಕೀಳಿಸಲು ಹೊರಡಬೇಡಿ. ಇಪ್ಪತ್ತು ವರ್ಷ ಸುಮ್ಮನೆ ಮಲಗಿದ್ದ ಶೀಟು ಬಿಡುಗಡೆ ಮಾಡದಷ್ಟು ಎಳೆಗಳನ್ನು ಅವಸರದಲ್ಲಿ ಕಿತ್ತ ಒಂದು ಮಧ್ಯಾಹ್ನ ಬಿಡುಗಡೆ ಮಾಡಬಲ್ಲದು.

ಹಾಗೆಂದು ಶೀಟಿಗೆ ವಯಸ್ಸಾಗುವುದಿಲ್ಲವೆಂದಲ್ಲ. ಬಿಸಿಲು, ಮಳೆಗಳಿಗೆ ಮೇಲ್ಮೈಯ ಸಿಮೆಂಟು ಕರಗುತ್ತ ಬಂದು ಎಳೆಗಳು ತಲೆ ಎತ್ತುತ್ತವೆ. ಮಲೆನಾಡು, ಕರಾವಳಿಗಳಲ್ಲಿ ಪಾಚಿಯೂ ಈ ಸವೆತಕ್ಕೆ ಕೈ ಜೋಡಿಸುತ್ತದೆ. ಸೂರಂಚಿನ ಕೆಳಗೆ, ನೀರು ಬೀಳುವ ಸಾಲಿನಲ್ಲಿ, ಬೂದಿಯಂಥ ನುಣುಪು ಹುಡಿ ಕೂತಿದ್ದರೆ, ಅಥವಾ ಬೆರಳಿನಿಂದ ಸವರಿದಾಗ ಮೇಲ್ಮೈ ಹುಡಿಹುಡಿಯಾಗಿ ಅಂಟಿದರೆ, ಆ ಶೀಟಿನ ಕಾಲ ಮುಗಿಯುತ್ತ ಬಂದಿದೆಯೆಂದು ತಿಳಿದು ಬದಲಿಸುವ ಯೋಜನೆ ಹಾಕಬೇಕು.

ಯಾವ ಕಾಯಿಲೆಗಳು ಬರುತ್ತವೆ?

ಮುಖ್ಯವಾಗಿ ಮೂರು. ಶ್ವಾಸಕೋಶ ಗಟ್ಟಿಯಾಗಿ ಉಸಿರು ಕಟ್ಟುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಮತ್ತು ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರ್. ಮೊದಲನೆಯದು ವರ್ಷಗಟ್ಟಲೆ ದೂಳು ಕುಡಿದ ಕಾರ್ಮಿಕರಿಗೆ ಬರುವಂಥದ್ದು. ಮೂರನೆಯದು ಅದಕ್ಕಿಂತ ಕಡಿಮೆ ದೂಳಿನಿಂದಲೂ ಬರಬಹುದು. ದೂಳು ಒಳಹೋದ ದಿನಕ್ಕೂ ಕಾಯಿಲೆ ಕಾಣಿಸುವ ದಿನಕ್ಕೂ ನಡುವೆ 20ರಿಂದ 40 ವರ್ಷಗಳ ಅಂತರವಿರುವುದರಿಂದ, ನಾನು ಹತ್ತು ವರ್ಷದಿಂದ ಶೀಟ್ ಕತ್ತರಿಸುತ್ತಿದ್ದೇನೆ, ನನಗೇನೂ ಆಗಿಲ್ಲ ಎಂಬ ಮಾತಿಗೆ ಬೆಲೆಯಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೊಗೆ, ಕಲ್ನಾರು ಎರಡರ ಮೊತ್ತಕ್ಕಿಂತ ಬಹಳ ಹೆಚ್ಚಾಗುತ್ತದೆ.

ಬಿಳಿ ಕಲ್ನಾರು ನಿರಪಾಯಕಾರಿ ಎನ್ನುತ್ತಾರಲ್ಲ?

ಅದು ಮಾರುವವರ ವಾದ. ನೀಲಿ, ಕಂದು ಕಲ್ನಾರುಗಳಿಗೆ ಹೋಲಿಸಿದರೆ ಬಿಳಿಯದರಿಂದ ಮೀಸೊಥೀಲಿಯೋಮ ಬರುವುದು ಕಡಿಮೆ ಎಂಬಷ್ಟು ಮಾತ್ರ ಅದರಲ್ಲಿ ಹುರುಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಬಿಳಿಯದನ್ನೂ ಸೇರಿಸಿ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲನೇ ಗುಂಪಿನಲ್ಲಿ ಇಟ್ಟಿದೆ.

ಇದನ್ನು ಬಳಸುವುದು ಕಾನೂನಿಗೆ ವಿರುದ್ಧವೇ?

ಭಾರತದಲ್ಲಿ ಸಿಮೆಂಟ್ ಶೀಟನ್ನು ಮಾರುವುದಕ್ಕಾಗಲಿ ಹೊದಿಸುವುದಕ್ಕಾಗಲಿ ನಿಷೇಧವಿಲ್ಲ. ಯುರೋಪಿಯನ್ ಒಕ್ಕೂಟ 2005ರಲ್ಲಿ, ಆಸ್ಟ್ರೇಲಿಯಾ 2003ರ ಕೊನೆಯಲ್ಲಿ, ಕೆನಡಾ 2018ರಲ್ಲಿ ಕಲ್ನಾರನ್ನು ನಿಷೇಧಿಸಿದವು. ನಮ್ಮಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಕೊಟ್ಟ ತೀರ್ಪು ಬಳಕೆಯನ್ನು ನಿಲ್ಲಿಸಲಿಲ್ಲ. ಆದರೆ ಕಾರ್ಮಿಕನ ಆರೋಗ್ಯ ಆತನ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಕಲ್ನಾರು ಕಾರ್ಖಾನೆಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು ಆದೇಶಿಸಿತು. ಮನೆಯ ಮೇಲೆ ಹತ್ತಿ ಶೀಟ್ ಕೊರೆಯುವ ದಿನಗೂಲಿಯವನಿಗೆ ಮಾತ್ರ ಯಾರ ಬಳಿಯೂ ದಾಖಲೆ ಇರುವುದಿಲ್ಲ.

ಶೀಟಿನ ಮೇಲೆ ಹತ್ತಬಹುದೇ?

ಹತ್ತಬಾರದು. ಕಲ್ನಾರಿನ ಎಳೆ ಕೊಲ್ಲುವುದಾದರೆ ಮೂವತ್ತು ವರ್ಷ ತೆಗೆದುಕೊಳ್ಳುತ್ತದೆ, ಶೀಟು ಮುರಿದು ಕೆಳಗೆ ಬಿದ್ದರೆ ಒಂದು ಕ್ಷಣ ಸಾಕು. ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವಷ್ಟು ವ್ಯವಧಾನವಿದ್ದರೆ ಇದನ್ನೇ ಓದಿ.

ಶೀಟು ಮುರಿಯುವ ಮುನ್ನ ಬಾಗುವುದಿಲ್ಲ, ತಗಡಿನಂತೆ ಸದ್ದು ಮಾಡಿ ಎಚ್ಚರಿಸುವುದೂ ಇಲ್ಲ. ಹೊಸದಾಗಿದ್ದಾಗ ಒಬ್ಬನ ಭಾರವನ್ನು ಹೊತ್ತದ್ದು ಹದಿನೈದು ಮಳೆಗಾಲ ಕಂಡ ಮೇಲೆ ಹೊರುತ್ತದೆನ್ನುವ ಭರವಸೆಯಿಲ್ಲ. ಕೆಲಸದವರಲ್ಲಿ ಒಂದು ನಂಬಿಕೆ ಬಲವಾಗಿದೆ: ಬೋಲ್ಟುಗಳ ಸಾಲಿನ ಮೇಲೆ, ಅಂದರೆ ಕೆಳಗೆ ರೀಪು ಅಥವಾ ಕಬ್ಬಿಣದ ಪೈಪು ಹಾದುಹೋಗುವ ಕಡೆ, ಕಾಲಿಟ್ಟು ನಡೆದರೆ ಏನೂ ಆಗದು ಎಂದು. ಆ ಸಾಲಿನ ಅಗಲ ಒಂದು ಅಂಗೈಯಷ್ಟು. ಪಾಚಿಯ ಮೇಲೆ ಕಾಲು ಒಂದು ಗೇಣು ಜಾರಿದರೆ ಮುಗಿಯಿತು, ಕೆಳಗೆ ಆಧಾರವಿಲ್ಲ.

ಹತ್ತಲೇಬೇಕಾದ ಕೆಲಸವಿದ್ದರೆ ಕನಿಷ್ಠ ಮೂರು ರೀಪುಗಳ ಮೇಲೆ ಕೂರುವಷ್ಟು ಉದ್ದದ ಗಟ್ಟಿ ಹಲಗೆಗಳನ್ನು ಹಾಸಿ, ಅವು ಜಾರದಂತೆ ಕಟ್ಟಿ, ಹಲಗೆಯ ಮೇಲಷ್ಟೇ ಓಡಾಡಬೇಕು. ಒಂದೇ ಹಲಗೆ ಇದ್ದರೆ ಅದನ್ನು ಮುಂದಕ್ಕೆ ಸರಿಸಲು ಶೀಟಿನ ಮೇಲೆ ನಿಲ್ಲಬೇಕಾಗುವುದರಿಂದ ಎರಡಾದರೂ ಬೇಕು. ಸೊಂಟಪಟ್ಟಿಯ ಹಗ್ಗವನ್ನು ಶೀಟಿಗಾಗಲಿ ರೀಪಿಗಾಗಲಿ ಕಟ್ಟದೆ ಭದ್ರವಾದ ಕಂಬಕ್ಕೋ ತೊಲೆಗೋ ಕಟ್ಟಬೇಕು. ಸಾಧ್ಯವಿರುವಲ್ಲೆಲ್ಲ ಒಳಗಿನಿಂದ, ಸಾರುವೆ ಕಟ್ಟಿ, ಕೆಳಗಿನಿಂದಲೇ ಕೆಲಸ ಮಾಡುವುದು ಇವೆಲ್ಲಕ್ಕಿಂತ ಉತ್ತಮ.

ಡಿಶ್ ಆಂಟೆನಾ, ಹೊಗೆ ಕೊಳವೆ ಅಥವಾ ಪೈಪಿಗಾಗಿ ಒಂದು ತೂತು ಮಾಡಬೇಕಾಗಿದೆ. ಹೇಗೆ?

ಮೊದಲು, ತೂತು ಬೇಕೇ ಎಂದು ಕೇಳಿಕೊಳ್ಳಿ. ಆಂಟೆನಾವನ್ನು ಗೋಡೆಗೆ ಕೂರಿಸಬಹುದು, ಹಂಡೆ ಒಲೆಯ ಹೊಗೆ ಕೊಳವೆಯನ್ನು ಗೋಡೆಯಿಂದ ಹೊರಗೆ ತಿರುಗಿಸಬಹುದು.

ಬೇಕೇಬೇಕೆಂದಾದರೆ ಸಣ್ಣ ತೂತಿಗೆ ಒಂದು ಸರಳ ಉಪಾಯವಿದೆ. ಕೊರೆಯುವ ಜಾಗದ ಮೇಲೂ ಕೆಳಗೂ ಗಡ್ಡ ಬೋಳಿಸುವ ನೊರೆಯನ್ನೋ ಗೋಡೆಗೆ ಕಾಗದ ಅಂಟಿಸುವ ಗಟ್ಟಿ ಗೋಂದನ್ನೋ ಒಂದು ಗುಪ್ಪೆಯಷ್ಟು ಹಚ್ಚಿ, ಕೈಯಿಂದ ತಿರುಗಿಸುವ ಡ್ರಿಲ್ಲಿನಿಂದ ಅಥವಾ ಅತಿ ನಿಧಾನದ ವೇಗದಲ್ಲಿಟ್ಟ ಮಷಿನ್ನಿನಿಂದ ನೊರೆಯ ನಡುವೆಯೇ ಕೊರೆಯಬೇಕು. ಹುಡಿಯೆಲ್ಲ ನೊರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಳಿಕ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ತೊಳೆಯದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು. ತೂತಿನ ಒಳ ಅಂಚಿಗೆ ಸ್ವಲ್ಪ ಸೀಲೆಂಟ್ ಬಳಿದರೆ ಅಲ್ಲಿನ ಎಳೆಗಳೂ ಕೂತುಬಿಡುತ್ತವೆ. ಹೊಡೆಯುತ್ತ ಕೊರೆಯುವ ಹ್ಯಾಮರ್ ಡ್ರಿಲ್ ಖಂಡಿತ ಬೇಡ, ಅದು ಹುಡಿಯನ್ನೂ ಎಬ್ಬಿಸುತ್ತದೆ, ಶೀಟನ್ನೂ ಸೀಳುತ್ತದೆ.

ಕಟ್ಟಿಂಗ್ ಮಷಿನ್ನಿನಿಂದ ಕತ್ತರಿಸಿದರೆ ಏನಾಗುತ್ತದೆ?

ಇದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಅಂಗಡಿಯೊಂದರ ಮುಂದಿನ ಫುಟ್‌ಪಾತಿನಲ್ಲಿ ಹುಡುಗನೊಬ್ಬ ಶೀಟನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, ಕಾಲಿನಿಂದ ಒತ್ತಿ ಹಿಡಿದು, ಗ್ರೈಂಡರ್ ಚಕ್ರ ಹಾಯಿಸಿದ. ಎರಡೇ ನಿಮಿಷ. ಆತನ ರೆಪ್ಪೆ, ಮೀಸೆ, ಮುಖಕ್ಕೆ ಸುತ್ತಿದ್ದ ಟವೆಲ್ಲಿನ ಮಡಿಕೆ ಎಲ್ಲ ಹಿಟ್ಟಿನ ಗಿರಣಿಯಿಂದ ಬಂದವನಂತೆ ಬೆಳ್ಳಗಾಗಿದ್ದವು. ಪಕ್ಕದ ಗಾಡಿಯ ಹೂವಿನ ಮೊರದ ಮೇಲೂ ಒಂದು ಪದರ ಕೂತಿತ್ತು, ಹೂ ಮಾರುವಾಕೆ ಸೆರಗಿನಿಂದ ಅದನ್ನು ಕೊಡವಿದರು. ಕಣ್ಣಿಗೆ ಕಂಡ ಆ ಹುಡಿ ದೊಡ್ಡ ಕಣ. ಶ್ವಾಸಕೋಶದ ಆಳಕ್ಕಿಳಿಯುವ ಎಳೆ ಕಣ್ಣಿಗೆ ಕಾಣುವುದೇ ಇಲ್ಲ, ದೂಳು ಅಡಗಿತೆಂದುಕೊಂಡ ಮೇಲೂ ಅದು ಗಾಳಿಯಲ್ಲಿರುತ್ತದೆ.

ಶೀಟಿನ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ವಿಧಾನ ಇನ್ನೊಂದಿಲ್ಲ. ಐಎಸ್ 459ರ ಶೀಟುಗಳು ಒಂದೂವರೆಯಿಂದ ಮೂರು ಮೀಟರಿನವರೆಗೆ ಹಲವು ಉದ್ದಗಳಲ್ಲಿ ಸಿಗುವುದರಿಂದ, ಅಳತೆಗೆ ಹತ್ತಿರದ ಉದ್ದವನ್ನು ಕೊಂಡು ಒಂದರ ಮೇಲೊಂದು ಕೂರುವ ಭಾಗವನ್ನು ಹೆಚ್ಚಿಸಿಕೊಂಡರೆ ಎಷ್ಟೋ ಸಲ ಕತ್ತರಿಸುವ ಪ್ರಸಂಗವೇ ಬರುವುದಿಲ್ಲ. ಬಂದರೆ, ಶೀಟನ್ನು ಚೆನ್ನಾಗಿ ನೆನೆಸಿ, ಕೈಗರಗಸದಿಂದ, ನೀರು ಚಿಮುಕಿಸುತ್ತ, ಬಯಲಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಕತ್ತರಿಸಿ.

ಮಂಗಗಳ ಕಾಟಕ್ಕೆ, ತೆಂಗಿನಕಾಯಿ ಬಿದ್ದು ಶೀಟು ಸೀಳಿದೆ. ಪೂರ್ತಿ ಬದಲಿಸಬೇಕೇ?

ಕೂದಲೆಳೆಯ ಸೀಳಾದರೆ ಬೇಡ. ಸೀಳಿನ ಸುತ್ತ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿದ ಮೇಲೆ ನೀರು ತಡೆಯುವ ಡಾಂಬರು ಟೇಪನ್ನು ಅಂಟಿಸಿದರೆ ಸಾಕು. ಟೇಪ್ ಹಿಡಿಯಲೆಂದು ಮರಳುಕಾಗದದಿಂದಲೋ ತಂತಿ ಬ್ರಷ್ಷಿನಿಂದಲೋ ಉಜ್ಜಬಾರದು. ಕೈ ಹೋಗುವಷ್ಟು ತೂತಾಗಿದ್ದರೆ, ಅಥವಾ ತುಂಡು ನೇತಾಡುತ್ತಿದ್ದರೆ, ಆ ಒಂದು ಶೀಟನ್ನು ಬದಲಿಸಿ. ಕೆಳಗೆ ಬಿದ್ದ ಚೂರುಗಳ ಮೇಲೆ ಓಡಾಡಿ ತುಳಿದು ಪುಡಿ ಮಾಡುವ ಮೊದಲೇ ನೀರು ಚಿಮುಕಿಸಿ ಆರಿಸಿ ತೆಗೆಯಬೇಕು. ನಾವು ಚಿಕ್ಕವರಿದ್ದಾಗ ಇಂಥ ಚೂರುಗಳೇ ಕುಂಟೆಬಿಲ್ಲೆಯ ಬಿಲ್ಲೆಯಾಗಿದ್ದವು. ಈಗಿನ ಮಕ್ಕಳ ಕೈಗೆ ಅವು ಸಿಗದಿರಲಿ.

ಪಾಚಿ ಕಟ್ಟಿದೆ. ತೊಳೆಯಬಹುದೇ?

ಸೋರುತ್ತಿಲ್ಲವಾದರೆ ಪಾಚಿಯನ್ನು ಅದರ ಪಾಡಿಗೆ ಬಿಡುವುದೇ ಜಾಣತನ, ಏಕೆಂದರೆ ತಲೆ ಎತ್ತಿದ ಎಳೆಗಳು ಅದರಲ್ಲೇ ಸಿಕ್ಕಿಕೊಂಡಿರುತ್ತವೆ. ಕಾರು ತೊಳೆಯುವ ಒತ್ತಡದ ಪೈಪಿನಿಂದ ಶೀಟ್ ತೊಳೆದರೆ ಸಿಮೆಂಟಿನ ಮೇಲ್ಪದರವೇ ಕಿತ್ತು ಬಂದು ನೀರಿನ ಜೊತೆ ಅಂಗಳದ ತುಂಬ, ಪಕ್ಕದ ಮನೆಯ ಗೋಡೆಯ ಮೇಲೆ ಹರಡಿ, ಒಣಗಿದ ಮೇಲೆ ಗಾಳಿಗೆ ಏಳುತ್ತದೆ. ನೀರು ಹಾಕಿದ್ದೇವೆ, ಆದ್ದರಿಂದ ದೂಳಿಲ್ಲ ಎಂದುಕೊಳ್ಳುವವರು ಇದೊಂದನ್ನು ಮರೆಯುತ್ತಾರೆ. ತೆಗೆಯಲೇಬೇಕೆಂದರೆ ಪಾಚಿ ಸಾಯಿಸುವ ದ್ರಾವಣವನ್ನು ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ಮೆಲ್ಲಗೆ ಸಿಂಪಡಿಸಿ, ತಾನಾಗಿ ಉದುರಲು ಬಿಡಿ.

ಬೇಸಿಗೆಯ ಸೆಕೆಗೆ ಬಿಳಿ ಬಣ್ಣ ಬಳಿಸಬೇಕೆಂದಿದ್ದೇವೆ. ಸರಿಯೇ?

ಒಳ್ಳೆಯದೇ. ಬಣ್ಣದ ಪದರ ಎಳೆಗಳನ್ನು ಹಿಡಿದಿಟ್ಟು ಶೀಟಿನ ಆಯುಷ್ಯವನ್ನೂ ಹೆಚ್ಚಿಸುತ್ತದೆ. ತೊಂದರೆ ಇರುವುದು ಬಣ್ಣ ಬಳಿಯುವ ಮುನ್ನ ಪೇಂಟರು ರೂಢಿಯಂತೆ ಮಾಡುವ ಕೆರೆತ ಮತ್ತು ಉಜ್ಜುವಿಕೆಯಲ್ಲಿ. ಅದನ್ನು ಬಿಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಹೊರಮೈಗೆ ಹೊಂದುವ ಪ್ರೈಮರ್ ಕೊಟ್ಟು ಎರಡು ಕೋಟ್ ಅಕ್ರಿಲಿಕ್ ಬಣ್ಣ ಹಾಕಿಸಿ. ಒಳಗಡೆಯಿಂದ ಬಳಿಯುವುದೂ ಉಪಯುಕ್ತ. ಹುಡಿಯುದುರುವ ಹಂತಕ್ಕೆ ಬಂದ ಶೀಟಿಗೆ ಬಣ್ಣ ಹಿಡಿಯುವುದಿಲ್ಲ.

ಯಾವ ಮಾಸ್ಕ್ ಧರಿಸಬೇಕು?

ಟವೆಲ್, ಕರವಸ್ತ್ರ, ಆಸ್ಪತ್ರೆಯ ತೆಳು ಮಾಸ್ಕುಗಳಿಂದ ಏನೂ ಪ್ರಯೋಜನವಿಲ್ಲ. ಕೋವಿಡ್ ಕಾಲದಲ್ಲಿ ಮನೆಮಾತಾದ ಎನ್-95 ಇವುಗಳಿಗಿಂತ ಮೇಲಾದರೂ ಅಮೆರಿಕದ ಕೆಲಸದ ಸುರಕ್ಷತಾ ನಿಯಮಗಳು ಕಲ್ನಾರಿನ ಕೆಲಸಕ್ಕೆ ಅದನ್ನು ಒಪ್ಪುವುದಿಲ್ಲ. ಬೇಕಾದದ್ದು ಮೂಗು, ಬಾಯಿಗಳನ್ನು ರಬ್ಬರಿನಂತೆ ಕಚ್ಚಿ ಕೂರುವ, ಪಿ-100 ಅಥವಾ ಪಿ-3 ಫಿಲ್ಟರ್ ತಿರುಗಿಸಿ ಹಾಕುವ ಅರೆಮುಖದ ಮಾಸ್ಕ್. ಗಡ್ಡವಿದ್ದರೆ ಅಂಚು ಕೂರುವುದಿಲ್ಲ, ಆ ದಿನಕ್ಕೆ ನುಣ್ಣಗೆ ಬೋಳಿಸಬೇಕು. ಮೈಗೆ ತಲೆಮುಸುಕಿರುವ, ಒಂದೇ ಸಲ ಬಳಸುವ ಹೊರ ಉಡುಪು, ಕೈಗೆ ಗ್ಲೌಸ್, ಕಾಲಿಗೆ ತೊಳೆಯಬಲ್ಲ ಗಮ್‌ಬೂಟ್. ಕೆಲಸ ಮುಗಿದಾಗ ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕಾದದ್ದು ಮಾಸ್ಕ್.

ಹಳೆಯ ಶೀಟನ್ನು ಕಳಚುವ ಸರಿಯಾದ ಕ್ರಮ ಯಾವುದು?

ಗಾಳಿಯಿಲ್ಲದ ಬೆಳಿಗ್ಗೆಯನ್ನು ಆರಿಸಿಕೊಳ್ಳಿ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಒಳ್ಳೆಯವು. ಒಳಗಿನ ಸಾಮಾನು ಹೊರಸಾಗಿಸಿ, ಸಾಗಿಸಲಾಗದ್ದನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ, ಕೆಳಗೆ ನೆಲದುದ್ದಕ್ಕೂ ದಪ್ಪ ಟಾರ್ಪಾಲು ಹಾಸಿ, ಅಕ್ಕಪಕ್ಕದವರಿಗೆ ಕಿಟಕಿ ಮುಚ್ಚುವಂತೆ ಹೇಳಬೇಕು. ಮಕ್ಕಳು, ಸಾಕುಪ್ರಾಣಿಗಳು ಆ ದಿನ ಬೇರೆಡೆ ಇರಲಿ.

ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ದ್ರಾವಣ ಸ್ವಲ್ಪ ಬೆರೆಸಿ ಶೀಟುಗಳ ಮೇಲೆ ಹನಿಹನಿಯಾಗಿ ಸಿಂಪಡಿಸಬೇಕು. ಸಾಬೂನಿನ ನೀರು ಬರೀ ನೀರಿಗಿಂತ ಚೆನ್ನಾಗಿ ಒಳಗಿಳಿಯುತ್ತದೆ. ಒದ್ದೆ ಶೀಟು ಮತ್ತಷ್ಟು ಜಾರುವುದರಿಂದ ಹತ್ತಬಾರದೆಂಬ ಮೇಲಿನ ಮಾತು ಈಗ ಇಮ್ಮಡಿಯಾಗಿ ಅನ್ವಯಿಸುತ್ತದೆ. ಕಳಚುವುದು ಹೊದಿಸಿದ್ದರ ತಿರುಗುಮುರುಗು: ಮೊದಲು ನೆತ್ತಿಯ ರಿಡ್ಜ್ ತುಂಡುಗಳು, ಆಮೇಲೆ ಮೇಲಿನ ಸಾಲು, ಕೊನೆಗೆ ಸೂರಂಚಿನ ಸಾಲು. ಕೆಳಗಿನದನ್ನು ಮೊದಲು ಎಳೆದರೆ ಮೇಲಿನದರ ಭಾರಕ್ಕೆ ಸಿಕ್ಕಿ ಮುರಿಯುತ್ತದೆ.

ಎಲ್ಲರೂ ತಾಳ್ಮೆ ಕಳೆದುಕೊಳ್ಳುವುದು ಶೀಟನ್ನು ರೀಪಿಗೆ ಹಿಡಿದಿಡುವ ಕೊಕ್ಕೆಯಂಥ ಜೆ-ಬೋಲ್ಟಿನ ಹತ್ತಿರ. ನಮ್ಮ ಹಿತ್ತಿಲ ಬಚ್ಚಲಿನ ಶೀಟ್ ಇಳಿಸಿದಾಗ ಇಪ್ಪತ್ತನಾಲ್ಕು ಬೋಲ್ಟುಗಳಲ್ಲಿ ಸ್ಪ್ಯಾನರಿಗೆ ತಿರುಗಿದವು ಐದೇ. ಉಳಿದವು ತುಕ್ಕಿನಿಂದ ನಟ್ಟು, ವಾಷರು, ಬೋಲ್ಟು ಒಂದೇ ಉಂಡೆಯಾಗಿದ್ದವು. ಸುತ್ತಿಗೆಯಿಂದ ಶೀಟನ್ನೇ ಒಡೆದು ಬಿಡಿಸೋಣವೆಂದು ಬಂದವರು ಹೇಳಿದರು, ಹತ್ತರಲ್ಲಿ ಒಂಬತ್ತು ಕಡೆ ನಡೆಯುವುದೂ ಅದೇ. ಅದರ ಬದಲು ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಒಳಗಿನಿಂದ, ರೀಪಿಗೆ ಕೊಕ್ಕೆ ಹಾಕಿಕೊಂಡಿರುವ ಜಾಗದಲ್ಲಿ, ಬೋಲ್ಟ್ ಕಟ್ಟರಿನಿಂದ ಅಥವಾ ಹ್ಯಾಕ್ಸಾದಿಂದ ತುಂಡರಿಸಿದರೆ ಶೀಟಿಗೆ ಏಟು ತಾಗುವುದಿಲ್ಲ. ಹಾಗೆ ಮಾಡಿದ್ದಕ್ಕೆ ಅರ್ಧ ದಿನದ ಕೂಲಿ ಹೆಚ್ಚು ಹೋಯಿತು, ಒಂದೇ ಶೀಟು ಮೂಲೆ ಮುರಿಯಿತು.

3 ಮೀಟರಿನ ಶೀಟು ಸುಮಾರು 40 ಕಿಲೋ ತೂಗುತ್ತದೆ. ಇಬ್ಬರು ಹಿಡಿದು, ಮೇಲಿನಿಂದ ಎಸೆಯದೆ, ಕೈಯಿಂದ ಕೈಗೆ ಇಳಿಸಿ, ಟಾರ್ಪಾಲಿನ ಮೇಲೆ ಇಡಿಯಾಗಿ ಪೇರಿಸಬೇಕು.

ಕೆಲಸ ಮುಗಿದ ಮೇಲೆ ಸ್ವಚ್ಛಗೊಳಿಸುವುದು ಹೇಗೆ?

ಪೊರಕೆ ಮುಟ್ಟಬೇಡಿ. ಮನೆಯ ವ್ಯಾಕ್ಯೂಮ್ ಕ್ಲೀನರೂ ಬೇಡ, ಅದು ಎಳೆಗಳನ್ನು ಹಿಂದಿನ ತೂತಿನಿಂದ ಗಾಳಿಗೆ ಊದುತ್ತದೆ. ನೆಲ, ರೀಪು, ಗೋಡೆಯ ತಲೆಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಹಿಂಡಿ ಮತ್ತೆ ಬಳಸದೆ ಚೀಲಕ್ಕೆ ಹಾಕಬೇಕು.

ಬಟ್ಟೆಯ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಕಲ್ನಾರು ಕಾರ್ಖಾನೆಗಳ ಹೊಸ್ತಿಲನ್ನೇ ತುಳಿಯದ ಹೆಂಗಸರಿಗೆ, ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆದದ್ದಕ್ಕಷ್ಟೇ, ಮೀಸೊಥೀಲಿಯೋಮ ಬಂದಿರುವುದು ಹಲವು ದೇಶಗಳಲ್ಲಿ ದಾಖಲಾಗಿದೆ. ಆದ್ದರಿಂದ ಕೆಲಸದ ಬಟ್ಟೆಯನ್ನು ಅಲ್ಲೇ ಒದ್ದೆ ಮಾಡಿ ಕಳಚಿ, ಸ್ನಾನ ಮಾಡಿ ಒಳಗೆ ಬನ್ನಿ. ಬಿಸಾಡಲಾಗದ ಬಟ್ಟೆಯಾದರೆ ಒಣಗಲು ಬಿಡದೆ, ಕೊಡವದೆ, ಬೇರೆ ಬಟ್ಟೆಗಳೊಡನೆ ಸೇರಿಸದೆ ಒಗೆಯಬೇಕು.

ಇಳಿಸಿದ ಶೀಟನ್ನು ಎಲ್ಲಿಗೆ ಹಾಕುವುದು?

ಕಷ್ಟದ ಪ್ರಶ್ನೆ ಇದೇ. ಬಳಸಿ ಬಿಸಾಡಿದ ಕಲ್ನಾರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ವಿಲೇವಾರಿಗೆ ಐಎಸ್ 11768 ಎಂಬ ಮಾನಕವೂ ಇದೆ. ಕಾಗದದ ಮೇಲೆ ಎಲ್ಲ ಸರಿಯಾಗಿದ್ದರೂ, ನಾಲ್ಕು ಶೀಟ್ ಇಳಿಸಿದ ಮನೆಯವರ ಬಾಗಿಲಿಗೆ ಬಂದು ಒಯ್ಯುವ ವ್ಯವಸ್ಥೆ ಮಾತ್ರ ನಮ್ಮ ಹೆಚ್ಚಿನ ಊರುಗಳಲ್ಲಿಲ್ಲ. ದೊಡ್ಡ ಪ್ರಮಾಣದ್ದಾದರೆ, ಶಾಲೆ, ಗೋದಾಮುಗಳ ಮಾಡಾದರೆ, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಅಪಾಯಕಾರಿ ತ್ಯಾಜ್ಯದ ನೆಲಭರ್ತಿಗೆ ಕಳಿಸುವ ದಾರಿ ಕೇಳಬೇಕು. ಅಂಥ ತಾಣ ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯ ಬಳಿ ಇದೆ.

ಮನೆಯವರು ಮಾಡಬಹುದಾದದ್ದು ಇಷ್ಟು: ಶೀಟುಗಳನ್ನು ಒಡೆಯದೆ, ಒದ್ದೆಯಾಗಿರುವಾಗಲೇ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಚ್ಚಿ, ಕಲ್ನಾರು ಇದೆ, ಬಿಚ್ಚಬಾರದು ಎಂದು ದೊಡ್ಡದಾಗಿ ಕನ್ನಡದಲ್ಲಿ ಬರೆದು, ಜಾಗ ಸಿಗುವವರೆಗೆ ಯಾರೂ ತುಳಿಯದ ಮೂಲೆಯಲ್ಲಿಡುವುದು. ಬೆಳಗಿನ ಕಸದ ಆಟೋಗೆ ಹಾಕಿದರೆ ಪೌರಕಾರ್ಮಿಕರು ಅದನ್ನು ಒಡೆದು ತುಂಬುತ್ತಾರೆ, ಕೆರೆಯಂಗಳಕ್ಕೋ ರಸ್ತೆಯ ಗುಂಡಿಗೋ ಹಾಕಿದರೆ ಗಾಡಿಗಳ ಗಾಲಿ ಅರೆಯುತ್ತದೆ.

ಗಟ್ಟಿಯಾಗಿರುವ ಹಳೆಯ ಶೀಟನ್ನು ಕೊಟ್ಟಿಗೆಗೆ ಹಾಕಿಸಬಹುದೇ, ಗುಜರಿಗೆ ಕೊಡಬಹುದೇ?

ಬೇಡ. ಹಳೆಯ ಶೀಟನ್ನು ಮತ್ತೆ ಕೂರಿಸಲು ಹೊಸ ತೂತು ಬೇಕು, ಅಳತೆಗೆ ಕತ್ತರಿಸಬೇಕು, ಮುರಿಯುವ ಸಂಭವವೂ ಹೆಚ್ಚು. ಕೊಂಡವನಿಗೆ ಅದು ಏನೆಂದು ಹೇಳುವವರಿರುವುದಿಲ್ಲ. ಚರಂಡಿಗೆ ಮುಚ್ಚಳ, ಹೂವಿನ ಪಾತಿಗೆ ಅಂಚು, ಒಲೆಗೆ ಗಾಳಿಮರೆ ಎಂದು ಚೂರುಗಳನ್ನು ಬಳಸುವುದೂ ಅಷ್ಟೇ ಕೆಟ್ಟದ್ದು. ಒಲೆಯ ಬಳಿಯದಂತೂ ಬಿಸಿಗೆ ಸಿಡಿಯುತ್ತದೆ.

ಶೀಟಿನಿಂದ ಇಳಿದ ಮಳೆನೀರನ್ನು ಕುಡಿಯಬಹುದೇ?

ಕಲ್ನಾರಿನ ಅಪಾಯವೆಲ್ಲ ಉಸಿರಿನದು. ನೀರಿನೊಡನೆ ಹೊಟ್ಟೆಗೆ ಹೋದ ಎಳೆಗಳಿಂದ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಸ್ಥಿರವಾದ ಪುರಾವೆಯಿಲ್ಲವೆಂದು ಹೇಳಿ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಅದಕ್ಕೆ ಮಿತಿಯನ್ನೇ ನಿಗದಿಪಡಿಸಿಲ್ಲ. ಹಾಗಿದ್ದರೂ ಸವೆದ ಶೀಟಿನ ನೀರನ್ನು ಗಿಡಗಳಿಗೆ, ಬಳಕೆಗೆ ಇಟ್ಟುಕೊಂಡು, ಕುಡಿಯಲು ಬೇರೆ ಮಾಡಿನ ನೀರು ಹಿಡಿಯುವುದು ಲೇಸು. ಗಮನವಿಡಬೇಕಾದದ್ದು ತೊಟ್ಟಿಯ ತಳದ ಕೆಸರಿಗೆ ಮತ್ತು ಮಳೆನೀರು ಹರಿಯುವ ಸೂರಿನ ದೋಣಿಯಲ್ಲಿ ಕೂತ ಹೂಳಿಗೆ. ಅವನ್ನು ಒಣಗಿದ ಮೇಲೆ ಕೆರೆಯಬೇಡಿ, ಒದ್ದೆಯಿದ್ದಾಗಲೇ ತೆಗೆದು ಚೀಲ ಕಟ್ಟಿ.

ಬದಲಿಗೆ ಏನು ಹೊದಿಸುವುದು?

ಬಣ್ಣದ ತಗಡು ಹಗುರ, ಅದೇ ರೀಪುಗಳ ಮೇಲೆ ಕೂರುತ್ತದೆ. ಸೆಕೆ ಮತ್ತು ಮಳೆಯ ಸದ್ದು ಅದರ ದೋಷ. ಮಂಗಳೂರು ಹೆಂಚು ತಂಪು, ಆದರೆ ಬಹಳ ಭಾರ, ರೀಪುಗಳನ್ನು ಒತ್ತೊತ್ತಾಗಿ ಹೊಸದಾಗಿ ಹೊಡೆಸಬೇಕು. ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಬಿದಿರು ಚಾಪೆಯ ಅಲೆ ಶೀಟು ನನಗೆ ಬಹಳ ಇಷ್ಟವಾದದ್ದು, ಎಲ್ಲ ಊರಿನ ಅಂಗಡಿಗಳಲ್ಲೂ ಸಿಗುವುದಿಲ್ಲ ಎಂಬುದೊಂದೇ ಕೊರತೆ. ಸಿಮೆಂಟ್ ಶೀಟೇ ಬೇಕೆಂದರೆ ಕಲ್ನಾರುರಹಿತ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಹಳೆಯ ಮನೆ ಕೊಂಡಿರುವ ನಮ್ಮವರು ಏನು ಗಮನಿಸಬೇಕು?

ಅಲ್ಲಿ ಕಲ್ನಾರು ಹೆಚ್ಚಾಗಿ ಹೊರಗೋಡೆಯ ಹೊದಿಕೆಯಲ್ಲಿದೆ. ಅಮೆರಿಕದಲ್ಲಿ 1920ರಿಂದ 1970ರ ದಶಕದವರೆಗೆ ಕಟ್ಟಿದ ಮನೆಗಳ ಹೊರಗೋಡೆಗೆ ಮರದ ಗೆರೆಯಂಥ ಅಚ್ಚು, ಅಲೆಯಂಥ ಕೆಳ ಅಂಚು ಇರುವ ಗಟ್ಟಿ ಸಿಮೆಂಟ್ ಬಿಲ್ಲೆಗಳನ್ನು ಮೊಳೆ ಹೊಡೆದು ಕೂರಿಸಿದ್ದರೆ ಅನುಮಾನಿಸಬೇಕು. ಗಟ್ಟಿಯಾಗಿದ್ದರೆ ಹಾಗೆಯೇ ಬಿಟ್ಟು ಬಣ್ಣ ಬಳಿಯಬಹುದು, ಅಥವಾ ಅದರ ಮೇಲೆಯೇ ಹೊಸ ಹೊದಿಕೆ ಹಾಕಿಸಬಹುದು. ತೆಗೆಯುವುದಾದರೆ ಒದ್ದೆ ಮಾಡಿ, ಬಿಲ್ಲೆಯನ್ನು ಮೀಟಿ ಮುರಿಯದೆ ಮೊಳೆಯ ತಲೆಯನ್ನು ಕತ್ತರಿಸಿ ಬಿಡಿಸಬೇಕು. ಸಣ್ಣ ಮನೆಯ ಮಾಲೀಕರೇ ತೆಗೆಯಬಹುದೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಸ್ಥಳೀಯ ಪರಿಸರ ಇಲಾಖೆಯನ್ನು ಕೇಳಿಯೇ ಕೈ ಹಾಕಬೇಕು. ಆಸ್ಟ್ರೇಲಿಯಾದ ಹೆಚ್ಚಿನ ರಾಜ್ಯಗಳಲ್ಲಿ ಇಂಥ ಗಟ್ಟಿ ಶೀಟು 10 ಚದರ ಮೀಟರಿಗಿಂತ ಹೆಚ್ಚಿದ್ದರೆ ಪರವಾನಗಿ ಇರುವವರೇ ತೆಗೆಯಬೇಕು.

ವರ್ಷಗಳ ಹಿಂದೆ ಮಾಸ್ಕಿಲ್ಲದೆ ಶೀಟ್ ಕತ್ತರಿಸಿದ್ದೆ. ಈಗ ಏನು ಮಾಡಲಿ?

ಒಂದೆರಡು ಸಲದ ಕೆಲಸವಾಗಿದ್ದರೆ ಅಪಾಯ ಅತ್ಯಲ್ಪ, ಅದಕ್ಕಾಗಿ ಎಕ್ಸ್‌ರೇ ತೆಗೆಸಬೇಕಾಗಿಲ್ಲ. ಒಳಹೋದ ಎಳೆಯನ್ನು ತೆಗೆಯುವ ಔಷಧಿಯಾಗಲಿ ಕಷಾಯವಾಗಲಿ ಇಲ್ಲ. ಸೇದುವವರಾಗಿದ್ದರೆ ಬಿಡುವುದೊಂದೇ ನಿಜವಾಗಿ ಲಾಭ ಕೊಡುವ ಕೆಲಸ. ಇದೇ ಕಸುಬಾಗಿದ್ದವರು, ಕಾರ್ಖಾನೆಯಲ್ಲಿ ದುಡಿದವರು, ಮೆಟ್ಟಿಲು ಹತ್ತುವಾಗ ಮೊದಲಿಲ್ಲದ ಏದುಸಿರು, ಬಿಡದ ಒಣ ಕೆಮ್ಮು, ಎದೆ ನೋವು ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ಕೆಮ್ಮು ಎಂದೊಡನೆ ಕ್ಷಯದ ಚಿಕಿತ್ಸೆ ಆರಂಭವಾಗುವುದು ನಮ್ಮಲ್ಲಿ ಸಾಮಾನ್ಯ. ಕಸುಬು ಏನಾಗಿತ್ತೆಂದು ರೋಗಿ ತಾನಾಗಿ ಹೇಳದಿದ್ದರೆ ಕಲ್ನಾರಿನ ಕಡೆಗೆ ಯೋಚನೆ ಹರಿಯುವುದೇ ಇಲ್ಲ. ಆಸ್ಬೆಸ್ಟೋಸಿಸ್ ಕಾನೂನಿನಂತೆ ವರದಿ ಮಾಡಲೇಬೇಕಾದ ಕಾಯಿಲೆ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ, ದಿನಕ್ಕೆ ಎಷ್ಟು ಹೊತ್ತು, ಮಷಿನ್ನಿನಿಂದಲೋ ಕೈಗರಗಸದಿಂದಲೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಒಯ್ದು, ಅದನ್ನು ನಿಮ್ಮ ಚಿಕಿತ್ಸೆಯ ಕಡತಕ್ಕೆ ಸೇರಿಸುವಂತೆ ಕೇಳಿ.